ಕೀಳುವ ಮೊದಲು ಒಳಕ್ಕೊಂದು ಪೆಟ್ಟು

ಮನೆಯ ದುರಸ್ತಿಯನ್ನು ಕೈಗೆತ್ತಿಕೊಂಡಾಗ ಅಟ್ಟದ ಹಲಗೆಗಳನ್ನು ಬಿಚ್ಚಿ, ಚೊಕ್ಕಗೊಳಿಸಿ, ಅದೇ ಜಾಗದಲ್ಲಿ ಮತ್ತೆ ಹಾಸಬೇಕೆಂದು ತೀರ್ಮಾನಿಸಿದೆವು. ಹಲಗೆಗಳಿಗೆ ವಯಸ್ಸಾಗಿದ್ದರೂ ಹುಳು ಹಿಡಿದಿರಲಿಲ್ಲ. ಗೆಣ್ಣಿನಿಂದ ತಟ್ಟಿದರೆ ಖಣಖಣ ಎನ್ನುವಷ್ಟು ಗಟ್ಟಿಯಾಗಿದ್ದವು. ಇಂಥ ಮರವನ್ನು ಒಲೆಗೆ ಹಾಕಿ ಹೊಸ ಹಲಗೆ ತರುವುದಕ್ಕೆ ಮನಸ್ಸು ಒಪ್ಪಲಿಲ್ಲ. ಆದರೆ ಒಂದೊಂದು ಹಲಗೆಯಲ್ಲೂ ಹತ್ತು ಹನ್ನೆರಡು ಮೊಳೆಗಳಿದ್ದವು, ಎಲ್ಲವೂ ತುಕ್ಕು ಹಿಡಿದು ಮರದೊಂದಿಗೆ ಒಂದಾಗಿ ಹೋಗಿದ್ದವು. ಅವುಗಳನ್ನು ಕೀಳುವ ಕೆಲಸವನ್ನು ನಾನೇ ವಹಿಸಿಕೊಂಡೆ.

ಮೊದಲ ದಿನ ಮೊದಲ ಹಲಗೆಯನ್ನೇ ಹಾಳು ಮಾಡಿದೆ. ಸುತ್ತಿಗೆಯ ಸೀಳುಬಾಯಿಯನ್ನು ಮೊಳೆಯ ತಲೆಗೆ ಸಿಕ್ಕಿಸಿ, ಹಿಡಿಯನ್ನು ಎರಡೂ ಕೈಯಿಂದ ನನ್ನ ಕಡೆಗೆ ಎಳೆದೆ. ಮೊಳೆ ಅಲುಗಲಿಲ್ಲ. ಇನ್ನಷ್ಟು ಬಲ ಹಾಕಿ ಪಕ್ಕಕ್ಕೆ ಅಲುಗಿಸಿದೆ. ಸಣ್ಣದೊಂದು ಸದ್ದಾಗಿ, ಮೊಳೆಯ ಬುಡದಿಂದ ಹೊರಟ ಬಿರುಕು ಹಲಗೆಯ ತುದಿಯವರೆಗೂ ಮೊಳದುದ್ದ ಓಡಿತು. ಅಷ್ಟು ವರ್ಷ ಭಾರ ಹೊತ್ತು ಸವೆಯದ ಮರವನ್ನು ನಾನು ಅರೆಕ್ಷಣದಲ್ಲಿ ಸೀಳಿದ್ದೆ. ಅಂದು ಮನೆಗೆಲಸಕ್ಕೆ ಬಂದಿದ್ದ ಹಿರಿಯ ಬಡಗಿಯೊಬ್ಬರು ಹತ್ತಿರ ಬಂದು ಬಿರುಕಿನ ಮೇಲೆ ಬೆರಳಾಡಿಸಿ, "ಕೀಳುವುದಕ್ಕೆ ಮೊದಲು ಅದನ್ನು ಒಳಕ್ಕೆ ಹೊಡೆಯಬೇಕು ಸ್ವಾಮಿ, ಆಮೇಲೆ ತಾನಾಗಿ ಬರುತ್ತದೆ" ಎಂದರು. ಹೊರಗೆ ಬರಬೇಕಾದದ್ದನ್ನು ಒಳಕ್ಕೆ ಏಕೆ ಹೊಡೆಯಬೇಕೆಂಬುದು ನನಗೆ ಆ ಹೊತ್ತಿಗೆ ಅರ್ಥವಾಗಲಿಲ್ಲ. ಅದು ಅರ್ಥವಾದ ಮೇಲೆ ಉಳಿದ ಕೆಲಸವೆಲ್ಲ ಹಗುರವಾಯಿತು.

ಮೊಳೆ ಮರದಲ್ಲಿ ನಿಲ್ಲುವುದು ತಿಕ್ಕಾಟದ ಬಲದಿಂದ. ಹೊಡೆದಾಗ ಅದು ಮರದ ಎಳೆಗಳನ್ನು ಪಕ್ಕಕ್ಕೆ ಸರಿಸಿ, ಕೆಲವನ್ನು ಕತ್ತರಿಸಿ, ಉಳಿದವನ್ನು ತನ್ನ ಜೊತೆಗೆ ಕೆಳಕ್ಕೆ ಬಾಗಿಸಿಕೊಂಡು ಇಳಿಯುತ್ತದೆ. ಹಾಗೆ ಬಾಗಿದ ಎಳೆಗಳು ಮೊಳೆಯ ಮೈಗೆ ಒತ್ತಿ ನಿಂತಿರುತ್ತವೆ. ಮೊಳೆಯನ್ನು ಮೇಲಕ್ಕೆ ಎಳೆದರೆ ಅವು ಸೆಟೆದುಕೊಂಡು ತಡೆಯುತ್ತವೆ. ಹೊಸ ಮೊಳೆಯಲ್ಲಿ ಇರುವುದು ಇಷ್ಟೇ. ಹಳೆಯ ಮೊಳೆಯಲ್ಲಿ ಇದರ ಜೊತೆಗೆ ತುಕ್ಕು ಸೇರುತ್ತದೆ. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಆ ಜಾಗಕ್ಕಾಗಿ ಅದು ಸುತ್ತಲಿನ ಮರವನ್ನು ಒತ್ತುತ್ತದೆ, ಎಳೆಗಳ ಸಂದಿಗೆ ನುಗ್ಗಿ ಅಲ್ಲೇ ಗಟ್ಟಿಯಾಗುತ್ತದೆ. ನುಣುಪಾಗಿದ್ದ ಮೊಳೆಯ ಮೈ ಒರಟಾಗಿ, ಮರವೂ ಮೊಳೆಯೂ ಅಂಟಿಕೊಂಡಂತಾಗುತ್ತವೆ. ಈ ಅಂಟು ಬಿಡದೆ ಎಳೆದರೆ ಮೂರರಲ್ಲಿ ಒಂದು ನಡೆಯುತ್ತದೆ: ಮೊಳೆಯ ತಲೆ ಕಿತ್ತು ಬರುತ್ತದೆ, ಅಥವಾ ಕಾಲು ತುಂಡಾಗುತ್ತದೆ, ಇಲ್ಲವೇ ಮರ ಸೀಳುತ್ತದೆ.

ಒಳಕ್ಕೆ ಹೊಡೆಯುವ ಪೆಟ್ಟು ಆ ಅಂಟನ್ನು ಬಿಡಿಸುತ್ತದೆ. ಮೊಳೆಯ ತಲೆಯ ಮೇಲೆ ಪಂಚ್ (ಮೊಂಡು ತುದಿಯ ಸಣ್ಣ ಉಕ್ಕಿನ ಕಡ್ಡಿ) ಇಟ್ಟು ಸುತ್ತಿಗೆಯಿಂದ ಒಂದು ನೇರವಾದ, ಚುರುಕಾದ ಪೆಟ್ಟು ಕೊಟ್ಟರೆ ಮೊಳೆ ಒಂದು ಮಿಲಿಮೀಟರಿನಷ್ಟು ಕೆಳಗಿಳಿಯುತ್ತದೆ. ಅಷ್ಟು ಸಾಕು. ಆ ಕ್ಷಣದಲ್ಲಿ 'ಟಿಕ್' ಎಂಬ ಒಣ ಸದ್ದು ಕೇಳುತ್ತದೆ, ತಲೆಯ ಸುತ್ತ ಕೆಂಪು ಪುಡಿ ಉದುರಿ ಸಣ್ಣ ಬಳೆಯ ಹಾಗೆ ಕಾಣುತ್ತದೆ. ಹತ್ತಿಪ್ಪತ್ತು ಮೊಳೆಗಳನ್ನು ಕಿತ್ತ ಮೇಲೆ ನನ್ನ ಕಿವಿ ಆ ಸದ್ದಿಗಾಗಿಯೇ ಕಾಯತೊಡಗಿತು; ಅದು ಕೇಳದಿದ್ದರೆ ಎಳೆಯಲು ಹೋಗುತ್ತಿರಲಿಲ್ಲ, ಇನ್ನೊಂದು ಪೆಟ್ಟು ಕೊಡುತ್ತಿದ್ದೆ. ಹಲಗೆಯ ಅಡಿಯಲ್ಲಿ ಗಟ್ಟಿ ಆಸರೆ ಇರಬೇಕೆಂಬುದನ್ನು ಮಾತ್ರ ಮರೆಯಬಾರದು. ಆಸರೆಯಿಲ್ಲದ ಹಲಗೆ ಪೆಟ್ಟಿಗೆ ಪುಟಿಯುತ್ತದೆ, ಪೆಟ್ಟಿನ ಬಲ ಮೊಳೆಗೆ ಮುಟ್ಟುವುದೇ ಇಲ್ಲ.

ತೊಲೆಯ ಮೇಲಿಂದ ಹಲಗೆಯನ್ನು ಬಿಚ್ಚುವಾಗ ಇದೇ ತತ್ವ ಇನ್ನೊಂದು ರೀತಿಯಲ್ಲಿ ನೆರವಾಗುತ್ತದೆ. ಚಪ್ಪಟೆ ತುದಿಯ ಮೀಟುಗೋಲನ್ನು ಹಲಗೆಗೂ ತೊಲೆಗೂ ನಡುವೆ, ಮೊಳೆಗೆ ಆದಷ್ಟು ಹತ್ತಿರದಲ್ಲಿ ತೂರಿಸಿ, ಹಲಗೆಯನ್ನು ಐದಾರು ಮಿಲಿಮೀಟರ್ ಮಾತ್ರ ಎತ್ತಬೇಕು. ಹಲಗೆಯ ಜೊತೆ ಮೊಳೆಯೂ ಏಳುತ್ತದೆ. ಆಮೇಲೆ ಮೀಟುಗೋಲನ್ನು ತೆಗೆದು, ಹಲಗೆಯ ಮೇಲೊಂದು ಮರದ ತುಂಡನ್ನಿಟ್ಟು, ಅದರ ಮೇಲೆ ಹೊಡೆದು ಹಲಗೆಯನ್ನು ಮತ್ತೆ ಕೆಳಗಿಳಿಸಬೇಕು. ಹಲಗೆ ಕೆಳಗೆ ಕೂರುತ್ತದೆ, ಮೊಳೆಯ ತಲೆ ಮಾತ್ರ ಮೇಲೆಯೇ ನಿಲ್ಲುತ್ತದೆ. ಹಲಗೆಯ ಮುಖವನ್ನು ಎಲ್ಲೂ ಕೆದಕದೆ ತಲೆ ಕೈಗೆ ಸಿಗುವ ಈ ಉಪಾಯವನ್ನು ಮೊದಲ ಸಲ ಮಾಡಿ ನೋಡಿದಾಗ ನನಗಾದ ಸಂತೋಷ ಸಣ್ಣದಲ್ಲ. ಹಲಗೆಯ ಒಂದೇ ತುದಿಯನ್ನು ಹಿಡಿದು ಪೂರ್ತಿ ಎತ್ತಿಬಿಡುವ ಆಸೆಯನ್ನು ಮಾತ್ರ ತಡೆದುಕೊಳ್ಳಬೇಕು. ಪ್ರತಿ ತೊಲೆಯ ಬಳಿಯೂ ಸ್ವಲ್ಪ ಸ್ವಲ್ಪವಾಗಿ ಎತ್ತುತ್ತಾ ಸಾಗಬೇಕು.

ತಲೆ ಮೇಲೆ ಬಂದ ಮೇಲೆ ಸುತ್ತಿಗೆಯ ಸೀಳುಬಾಯಿಯ ಸರದಿ. ಸುತ್ತಿಗೆ ಇಲ್ಲಿ ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಹಿಡಿಯ ಉದ್ದ ಸುಮಾರು 30 ಸೆಂಟಿಮೀಟರ್, ಆನಿಕೆಯಿಂದ ಮೊಳೆಗಿರುವ ದೂರ 3 ಸೆಂಟಿಮೀಟರ್ ಎಂದಿಟ್ಟುಕೊಂಡರೆ ನಮ್ಮ ಕೈಯ ಬಲ ಹತ್ತು ಪಟ್ಟಾಗಿ ಮೊಳೆಗೆ ಮುಟ್ಟುತ್ತದೆ. 15 ಕಿಲೋ ಭಾರದಷ್ಟು ಎಳೆದರೆ ಮೊಳೆಯ ಮೇಲೆ 150 ಕಿಲೋ ಭಾರದಷ್ಟು ಎಳೆತ ಬೀಳುತ್ತದೆ. ಹೆಚ್ಚು ಕಡಿಮೆ ಅಷ್ಟೇ ಒತ್ತಡ ಸುತ್ತಿಗೆಯ ಬೆನ್ನಿನ ಅಡಿಯಲ್ಲಿರುವ ಮರದ ಮೇಲೂ ಬೀಳುತ್ತದೆಂಬುದನ್ನು ಅನೇಕರು ಗಮನಿಸುವುದಿಲ್ಲ. ಹಳೆಯ ಹಲಗೆಗಳ ಮೇಲೆ ಮೊಳೆಯ ತೂತಿನ ಪಕ್ಕದಲ್ಲೇ ಅರ್ಧಚಂದ್ರದ ಆಕಾರದ ತಗ್ಗುಗಳು ಕಾಣುವುದು ಇದೇ ಕಾರಣಕ್ಕೆ. ಸುತ್ತಿಗೆಯ ಅಡಿಗೆ ಒಂದು ಮರದ ತುಂಡನ್ನೋ ತೆಳು ತಗಡನ್ನೋ ಇಟ್ಟರೆ ಒತ್ತಡ ಹರಡಿಕೊಳ್ಳುತ್ತದೆ, ತಗ್ಗು ಬೀಳುವುದಿಲ್ಲ. ಬಿದ್ದೇಬಿಟ್ಟಿದ್ದರೆ ಆ ಜಾಗದ ಮೇಲೆ ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ, ನಜ್ಜಿದ ಎಳೆಗಳು ಹಬೆಗೆ ಉಬ್ಬಿ ಬಹುಮಟ್ಟಿಗೆ ಮೇಲೇಳುತ್ತವೆ; ತುಂಡಾದ ಎಳೆಗಳು ಮಾತ್ರ ಏಳುವುದಿಲ್ಲ.

ಆ ಮರದ ತುಂಡಿನಿಂದ ಇನ್ನೊಂದು ಉಪಯೋಗವಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಮೊಳೆ ಮೇಲೆ ಬರುತ್ತಾ ಹೋದಂತೆ ಸುತ್ತಿಗೆ ಹಿಂದಕ್ಕೆ ವಾಲುತ್ತದೆ, ಎಳೆತವು ನೇರವಾಗಿರುವ ಬದಲು ಓರೆಯಾಗುತ್ತದೆ. ಓರೆಯಾದ ಎಳೆತ ಮೊಳೆಯನ್ನು ಬಗ್ಗಿಸುತ್ತದೆ, ಬಗ್ಗಿದ ಮೊಳೆ ತೂತನ್ನು ಅಗಲಿಸುತ್ತಾ ಹೊರಬರುತ್ತದೆ. ಆದ್ದರಿಂದ ಮೊಳೆ ಎರಡು ಸೆಂಟಿಮೀಟರಿನಷ್ಟು ಎದ್ದ ಕೂಡಲೇ ನಿಲ್ಲಿಸಿ, ಅಡಿಗೆ ಇನ್ನೂ ದಪ್ಪನೆಯ ತುಂಡನ್ನಿಟ್ಟು, ಸುತ್ತಿಗೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸಿಕೊಂಡು ಎಳೆಯಬೇಕು. ಒಂದು ಮೊಳೆಗೆ ಎರಡು ಮೂರು ಸಲ ಹೀಗೆ ಮಾಡಬೇಕಾಗುತ್ತದೆ. ಹೊತ್ತು ಹಿಡಿಯುವುದು ನಿಜ, ಆದರೆ ಹಾಗೆ ಬಂದ ಮೊಳೆ ಸೂಜಿಯಂತೆ ನೇರವಾಗಿರುತ್ತದೆ, ತೂತು ಮೊಳೆಯ ಗಾತ್ರವನ್ನು ಮೀರುವುದಿಲ್ಲ.

ಎಷ್ಟೇ ಎಚ್ಚರ ವಹಿಸಿದರೂ ಸ್ವಲ್ಪ ಓರೆಯಾಗುವುದು ಇದ್ದದ್ದೇ. ಹಾಗಾಗಿ ಯಾವ ದಿಕ್ಕಿಗೆ ಓರೆಯಾಗಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಎಳೆಗಳು ಓಡುವ ದಿಕ್ಕಿನಲ್ಲಿ ಮೀಟಿದರೆ ಮೊಳೆ ಎಳೆಗಳ ತುದಿಗೆ ಒತ್ತುತ್ತದೆ. ಆ ದಿಕ್ಕಿನಲ್ಲಿ ಮರ ತುಂಬ ಗಟ್ಟಿ, ಸುಲಭವಾಗಿ ನಜ್ಜುವುದಿಲ್ಲ. ಎಳೆಗಳಿಗೆ ಅಡ್ಡವಾಗಿ ಮೀಟಿದರೆ ಮೊಳೆಯೇ ಬೆಣೆಯಾಗಿ ಎಳೆಗಳನ್ನು ಬೇರ್ಪಡಿಸುತ್ತದೆ. ನನ್ನ ಮೊದಲ ಹಲಗೆ ಸೀಳಿದ್ದು ಹೀಗೆಯೇ: ನಾನು ಅಡ್ಡಕ್ಕೆ ಅಲುಗಿಸಿದ್ದೆ, ಅದೂ ಹಲಗೆಯ ತುದಿಗೆ ಹತ್ತಿರದಲ್ಲಿ.

ತಲೆಯೇ ಇಲ್ಲದಂಥ ಸಣ್ಣ ಮೊಳೆಗಳ ರೀತಿ ಬೇರೆ. ಬಾಗಿಲ ಚೌಕಟ್ಟಿನ ಪಟ್ಟಿಗಳಲ್ಲಿ, ಗೋಡೆಯ ಬುಡದ ಪಟ್ಟಿಗಳಲ್ಲಿ ಇವು ಇರುತ್ತವೆ. ಇವನ್ನು ಮುಂದಿನಿಂದ ಕೀಳಲು ಹೋದರೆ ಬಣ್ಣವೂ ಮರದ ಸಿಬಿರೂ ಜೊತೆಗೇ ಎದ್ದು ಬರುತ್ತವೆ. ಪಟ್ಟಿಯನ್ನು ಗೋಡೆಯಿಂದ ಬಿಡಿಸಿ ಮಗುಚಿ ಹಾಕಿ, ಹಿಂಬದಿಯಲ್ಲಿ ಚಾಚಿಕೊಂಡಿರುವ ಮೊಳೆಯ ಕಾಲನ್ನು ದುಂಡುಬಾಯಿಯ ಇಕ್ಕಳದಿಂದ ಕಚ್ಚಿ ಹಿಡಿದು, ಇಕ್ಕಳವನ್ನು ಅದರ ದುಂಡು ಕೆನ್ನೆಯ ಮೇಲೆ ಉರುಳಿಸಿದರೆ ಮೊಳೆಯ ಸಣ್ಣ ತಲೆ ಮರದೊಳಗಿಂದಲೇ ಸಾಗಿ ಹಿಂದಕ್ಕೆ ಬಂದುಬಿಡುತ್ತದೆ. ಮುಂಬದಿಯಲ್ಲಿ ಸಾಸಿವೆಯಷ್ಟು ತೂತು ಮಾತ್ರ ಉಳಿಯುತ್ತದೆ. ಇಕ್ಕಳವನ್ನು ಬಿಗಿಯಾಗಿ ಅದುಮಿದರೆ ಮೊಳೆ ತುಂಡಾಗುವ ಅಪಾಯವಿದೆ. ಜಾರದಷ್ಟು ಹಿಡಿದರೆ ಸಾಕು.

ಹಿಂದೆ ತುದಿ ಮಡಚಿದ ಮೊಳೆಗಳಿದ್ದರೆ ಮೊದಲು ಮಡಿಕೆಯನ್ನು ಉಳಿಯ ಮೂಲೆಯಿಂದ ಎಬ್ಬಿಸಿ ನೆಟ್ಟಗೆ ಮಾಡಬೇಕು, ಆಮೇಲೆ ತುದಿಗೆ ಹಗುರವಾಗಿ ಹೊಡೆದು ತಲೆಯನ್ನು ಆಚೆ ಬದಿಯಲ್ಲಿ ಎಬ್ಬಿಸಬೇಕು. ನೆಟ್ಟಗೆ ಮಾಡುವಾಗ ತುದಿ ಮುರಿದರೂ ಚಿಂತೆಯಿಲ್ಲ.

ಕೆಳಗಿನ ಸಾಲಿನ ಹಲಗೆಗಳಲ್ಲಿ ಆರೇಳು ಚೌಕ ಕಾಲಿನ ಮೊಳೆಗಳು ಸಿಕ್ಕವು, ಅವನ್ನು ತೆಗೆದಿರಿಸಿದ್ದೇನೆ. ಒಂದು ಕಾಲಕ್ಕೆ ಮೊಳೆಗಳನ್ನು ಕಮ್ಮಾರರು ಒಂದೊಂದಾಗಿ ಕಾಯಿಸಿ ಬಡಿದು ಮಾಡುತ್ತಿದ್ದರು. 18ನೆಯ ಶತಮಾನದ ಕೊನೆಯ ಹೊತ್ತಿಗೆ ಕಬ್ಬಿಣದ ತಗಡಿನಿಂದ ಮೊಳೆ ಕತ್ತರಿಸುವ ಯಂತ್ರಗಳು ಬಂದವು. ತಂತಿಯಿಂದ ಮಾಡಿದ ಇಂದಿನ ದುಂಡು ಮೊಳೆ ಎಲ್ಲೆಡೆ ಹರಡಿದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. ದುಂಡು ಮೊಳೆ ತಲೆಯಿಂದ ತುದಿಯವರೆಗೆ ಒಂದೇ ದಪ್ಪವಿರುವುದರಿಂದ ಕೊನೆಯವರೆಗೂ ಹಿಡಿತ ಬಿಡುವುದಿಲ್ಲ, ಕಿರುಗುಟ್ಟುತ್ತಲೇ ಹೊರಬರುತ್ತದೆ. ಚೌಕ ಮೊಳೆ ಹಾಗಲ್ಲ. ಅದು ಕೆಳಗೆ ಹೋದಂತೆ ಸಣ್ಣಗಾಗುತ್ತದೆ, ಬೆಣೆಯ ಜಾತಿಯದು. ಮೊದಲು ಅಲುಗಿಸುವುದೇ ಕಷ್ಟ. ಮೂರ್ನಾಲ್ಕು ಮಿಲಿಮೀಟರ್ ಎದ್ದರೆ ಹಿಡಿತವೆಲ್ಲ ಒಮ್ಮೆಲೇ ಬಿಟ್ಟು, ಬೆರಳಿನಿಂದಲೇ ಎತ್ತುವಂತಾಗುತ್ತದೆ. ಇದನ್ನು ತಿಳಿಯದೆ ಪೂರ್ತಿ ಬಲದಿಂದ ಎಳೆದರೆ ಎಳೆದವರು ಹಿಂದಕ್ಕೆ ಬೀಳುವುದೂ ಉಂಟು.

ತಲೆ ಮುರಿದ ಮೊಳೆಗಳು ನನ್ನ ತಾಳ್ಮೆಯನ್ನು ಬಹಳವಾಗಿ ಪರೀಕ್ಷಿಸಿದವು. ಮರದ ಮಟ್ಟಕ್ಕಿಂತ ಸ್ವಲ್ಪವಾದರೂ ಮೇಲಿದ್ದರೆ, ಹಿಡಿದಲ್ಲೇ ಬಿಗಿಯಾಗಿ ನಿಲ್ಲುವ ಪ್ಲೈಯರ್‌ನಿಂದ ಕಚ್ಚಿಸಿ, ಎಳೆಯುವ ಮೊದಲು ಕೂದಲೆಳೆಯಷ್ಟು ತಿರುಗಿಸಿದರೆ ಅಂಟು ಬಿಡುತ್ತದೆ. ಇದು ದುಂಡು ಮೊಳೆಗೆ ಮಾತ್ರ ಸರಿ. ಅದಕ್ಕೂ ಜಗ್ಗದಿದ್ದರೆ ಕಾದ ಬೆಸುಗೆ ಕಡ್ಡಿಯನ್ನು (ಸೋಲ್ಡರಿಂಗ್ ಐರನ್) ಮೊಳೆಯ ತುದಿಗೆ ಒಂದೆರಡು ನಿಮಿಷ ತಾಗಿಸಿ ಹಿಡಿಯಬಹುದು. ಕಾದ ಮೊಳೆ ಹಿಗ್ಗಿ ಸುತ್ತಲಿನ ಎಳೆಗಳನ್ನು ಒತ್ತುತ್ತದೆ, ಆರಿದಾಗ ಕುಗ್ಗಿ ಅವುಗಳಿಂದ ಬಿಡಿಸಿಕೊಳ್ಳುತ್ತದೆ. ಮರ ಕಪ್ಪಾಗದಂತೆ ನೋಡಿಕೊಳ್ಳಬೇಕು, ಹೊಗೆ ಕಂಡರೆ ತಕ್ಷಣ ತೆಗೆಯಬೇಕು. ಪೂರ್ತಿ ಒಳಗೆ ಹೂತುಹೋದ ಮೊಳೆಗೆ ಉಳಿದ ದಾರಿ ಪಂಚ್‌ನಿಂದ ಹೊಡೆದು ಆಚೆ ಬದಿಗೆ ದಾಟಿಸುವುದು. ಕಾಣುವ ಮುಖದಲ್ಲಿ ಉಳಿಯಿಂದ ಸುತ್ತ ಕೆತ್ತಿ ಗುಂಡಿ ಮಾಡುವುದನ್ನು ನಾನು ಕೊನೆಯ ಉಪಾಯವೆಂದೇ ಎಣಿಸುತ್ತೇನೆ, ಏಕೆಂದರೆ ಆ ಗುಂಡಿಯನ್ನು ಎಷ್ಟು ಚೆನ್ನಾಗಿ ತುಂಬಿದರೂ ಬೆಳಕು ಓರೆಯಾಗಿ ಬಿದ್ದಾಗ ಕಣ್ಣಿಗೆ ಕಾಣುತ್ತದೆ.

ಮೊಳೆ ಬಂದ ಮೇಲೂ ತೂತಿನ ಸುತ್ತ ನೀಲಿಗಪ್ಪು ಕಲೆ ಉಳಿಯುತ್ತದೆ. ಅದು ಕೊಳೆಯಲ್ಲ. ಮರದಲ್ಲಿರುವ ಒಗರಿನ ಅಂಶವಾದ ಟ್ಯಾನಿನ್, ತೇವ ಸೇರಿದಾಗ ಕಬ್ಬಿಣದೊಂದಿಗೆ ಕೂಡಿ ಆ ಬಣ್ಣ ತಾಳುತ್ತದೆ; ಹಿಂದೆ ಬರೆಯುವ ಕಪ್ಪು ಶಾಯಿಯನ್ನು ಇದೇ ಎರಡರಿಂದ ತಯಾರಿಸುತ್ತಿದ್ದರು. ಉಜ್ಜಿದರೆ ಹೋಗದ ಈ ಕಲೆಯನ್ನು ಆಕ್ಸಾಲಿಕ್ ಆಮ್ಲದ ದ್ರಾವಣ ತೆಗೆಯುತ್ತದೆ. ಅದು ವಿಷಕಾರಿಯಾದ್ದರಿಂದ ಕೈಗವಸು ಹಾಕಿಕೊಂಡು ಹಚ್ಚಿ, ಆಮೇಲೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಒಣಗಿ ಪುಡಿಯಾದರೆ ಉಸಿರಿಗೆ ಕೆಟ್ಟದ್ದು. ನಾನು ಕೆಲವು ಹಲಗೆಗಳ ಕಲೆ ತೆಗೆದೆ, ಉಳಿದವನ್ನು ಹಾಗೆಯೇ ಬಿಟ್ಟೆ. ನೋಡನೋಡುತ್ತಾ ಅವೇ ಹೆಚ್ಚು ಚೆಂದವೆನಿಸಿದವು.

ಕನ್ನಡಕವನ್ನೂ ದಪ್ಪ ಅಡಿಯ ಬೂಟನ್ನೂ ಧರಿಸದೆ ಈ ಕೆಲಸಕ್ಕೆ ಕೂರಬಾರದು. ತುಂಡಾದ ತಲೆ ಎಗರುವ ವೇಗವನ್ನು ಕಣ್ಣು ತಪ್ಪಿಸಿಕೊಳ್ಳಲಾರದು. ಧನುರ್ವಾಯು ತುಕ್ಕಿನಿಂದಲೇ ಬರುತ್ತದೆಂಬ ನಂಬಿಕೆ ಸರಿಯಲ್ಲ. ಮಣ್ಣು ಧೂಳಿನಲ್ಲಿರುವ ಬ್ಯಾಕ್ಟೀರಿಯಾದ ಬೀಜಕಣಗಳು ಆಳವಾದ ಗಾಯದೊಳಗೆ ಸೇರಿ ಬೆಳೆದಾಗ ಅದು ಬರುತ್ತದೆ, ಕೊಳೆಯಾದ ಹಳೆಯ ಮೊಳೆ ಅವನ್ನು ಒಳಗೆ ಒಯ್ಯುತ್ತದೆ. ಲಸಿಕೆ ಹಾಕಿಸಿಕೊಂಡು ಹತ್ತು ವರ್ಷ ದಾಟಿದ್ದರೆ ಕೆಲಸ ಶುರುಮಾಡುವ ಮೊದಲೇ ವೈದ್ಯರನ್ನು ಕಾಣುವುದು ಮೇಲು. ಚುಚ್ಚಿಸಿಕೊಂಡರಂತೂ ತಡಮಾಡದೆ ಹೋಗಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯೂ ಇದೆ, ಆದ್ದರಿಂದ ಬಣ್ಣ ಬಳಿದ ಮರವನ್ನು ಒಣದಾಗಿ ಉಜ್ಜದೆ ನೀರು ಚಿಮುಕಿಸಿಕೊಂಡೇ ಕೆಲಸ ಮಾಡಬೇಕು.

ಕೀಸುಳಿ ಹಿಡಿಯುವ ಮೊದಲು ಪ್ರತಿ ಹಲಗೆಯ ಎರಡೂ ಮುಖಗಳ ಮೇಲೆ ದಾರಕ್ಕೆ ಕಟ್ಟಿದ ಬಲವಾದ ಅಯಸ್ಕಾಂತವನ್ನು ನಿಧಾನವಾಗಿ ಆಡಿಸಿದೆ. ಎಲ್ಲ ಮೊಳೆಯೂ ಬಂದಿದೆಯೆಂದು ಪಕ್ಕಕ್ಕಿಟ್ಟಿದ್ದ ಹಲಗೆಗಳಲ್ಲೇ ನಾಲ್ಕು ಕಡೆ ಅದು ಸರಕ್ಕನೆ ವಾಲಿ ಮರಕ್ಕೆ ಅಂಟಿತು. ಬೆರಳಿಗೆ ತಿಳಿಯದ, ಬಣ್ಣದಡಿ ಮುಚ್ಚಿಹೋದ ಮುರಿದ ಕಾಲುಗಳು. ಕೀಸುಳಿಯ ಅಲಗು ಅವುಗಳಲ್ಲಿ ಒಂದಕ್ಕೆ ತಾಗಿದ್ದರೂ ಮತ್ತೆ ಮಸೆಯಲು ಅರ್ಧ ದಿನ ಬೇಕಾಗುತ್ತಿತ್ತು.

ಹಲಗೆಗಳನ್ನು ಮರಳಿ ಹಾಸುವಾಗ ಹಳೆಯ ತೂತುಗಳಿಗೆ ಮೊಳೆ ಹೊಡೆಯಲಿಲ್ಲ, ಅಲ್ಲಿನ ಎಳೆಗಳಿಗೆ ಹಿಡಿಯುವ ಶಕ್ತಿ ಉಳಿದಿರುವುದಿಲ್ಲ. ಎರಡು ಬೆರಳು ಸರಿಸಿ, ಮೊದಲೇ ಸಣ್ಣ ತೂತು ಕೊರೆದು ಸ್ಕ್ರೂ ಹಾಕಿದೆ. ಹಳೆಯ ತೂತುಗಳಿಗೆ ಅದೇ ಮರದಿಂದ ಕೆತ್ತಿದ ಗೂಟಗಳನ್ನು ಅಂಟು ಸವರಿ ಬಡಿದೆ. ಮೊದಲ ದಿನ ಸೀಳಿದ ಹಲಗೆಯ ಬಿರುಕಿಗೂ ಅಂಟು ತುಂಬಿ, ಎರಡು ಕ್ಲಾಂಪ್‌ಗಳಿಂದ ಒಂದು ರಾತ್ರಿ ಬಿಗಿದಿಟ್ಟು, ಏಣಿ ಹತ್ತಿದ ಕೂಡಲೇ ಕಾಲಿಡುವ ಜಾಗದಲ್ಲಿ ಹಾಸಿದ್ದೇನೆ. ಬಿರುಕು ಈಗ ಪೆನ್ಸಿಲ್ ಗೆರೆಯಷ್ಟು ಸಣ್ಣಗೆ ಕಾಣುತ್ತದೆ, ತುಳಿದರೆ ಸದ್ದು ಮಾಡುವುದಿಲ್ಲ.