ಅರವತ್ತು ಕಾರ್ಡಿನ ಗುಂಗು

ಮೂರು ತಿಂಗಳ ಹಿಂದೆ ಅಕ್ಕನ ಮಗನಿಗೆ ಅಂತ ಪೊಕೆಮಾನ್ ಅನ್ನುವ ಕಾಲ್ಪನಿಕ ಜೀವಿಗಳ ಆಟದ ಒಂದು ಕಾರ್ಡ್ ಪ್ಯಾಕ್ ತಂದೆ. ಈಗ ಅದರ ಗುಂಗು ನನಗೂ ಹತ್ತಿದೆ. ಆಡಲು ಬೇಕಾದ 60 ಕಾರ್ಡಿನ ಕಟ್ಟು, ಅಂದರೆ ಡೆಕ್, ಜೋಡಿಸುವುದು ಸುಮ್ನೆ ಅಲ್ಲ. ಪೊಕೆಮಾನ್‌ಗೆ ದಾಳಿ ಮಾಡಲು ಶಕ್ತಿ ಕೊಡುವ ಬೇಸಿಕ್ ಎನರ್ಜಿ ಕಾರ್ಡು ಬಿಟ್ಟರೆ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಜಾಸ್ತಿ ಇಡುವಂತಿಲ್ಲ. ಆ ಎನರ್ಜಿಯೇ ಕೈಗೆ ಬರದಿದ್ದರೆ ಎಂಥ ಪೊಕೆಮಾನ್ ಇದ್ದರೂ ಸುಮ್ಮನೆ ಕೂತಿರಬೇಕು.

ನಿನ್ನೆ ಊಟ ಆದ ಮೇಲೆ ಒಂದು ಕಾರ್ಡನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಕೆಳಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಚಿತ್ರ ಬರೆದವರ ಹೆಸರು: ಮಿತ್ಸುಹಿರೊ ಅರಿತಾ. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಸೆಟ್ಟಿನಲ್ಲಿ ಪಿಕಾಚು ಅನ್ನುವ ಪೊಕೆಮಾನ್‌ನ ಚಿತ್ರ ಬರೆದವರೂ ಇವರೇ. ಎಷ್ಟು ಚಂದ ಅಲ್ವಾ, ಕಾರ್ಡಿನ ಮೇಲೇ ಕಲಾವಿದರ ಹೆಸರು! ಚಿಕ್ಕವನಿದ್ದಾಗ ಬೆಂಕಿಪೊಟ್ಟಣದ ಚಿತ್ರ ಕೂಡಿಡುತ್ತಿದ್ದೆ. ಅದನ್ನು ಬರೆದವರು ಯಾರೆಂದು ಯಾವತ್ತೂ ಗೊತ್ತಾಗಲಿಲ್ಲ.

"ಮಾಮ, ಡೆಕ್ ರೆಡಿನಾ?" ಅಂತ ಬೆಳಿಗ್ಗೆ ಅವನ ಫೋನು. ಇನ್ನೂ ಎರಡು ಕಾರ್ಡು ಬೇಕು.