ಡ್ರಾಯಿಂಗ್ ಮೇಷ್ಟ್ರ ಗೋಡೆ

ನಮ್ಮ ಡ್ರಾಯಿಂಗ್ ಮೇಷ್ಟ್ರು ಈ ವರ್ಷ ತೀರಿಕೊಂಡರು. ಅವರ ಪಠ್ಯಕ್ರಮದಲ್ಲಿ ಏನಿತ್ತೋ, ದೇವರಾಣೆ ನೆನಪಿಲ್ಲ. ಪಾಠ ಬಿಟ್ಟು ಅವರು ಹೇಳುತ್ತಿದ್ದ ಕಾಯ್ಟ್ ಟವರ್‌ನ ಕಥೆ ಮಾತ್ರ ಪೂರ್ತಿ ನೆನಪಿದೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಗೋಪುರ ಅದು. 1929ರ ಷೇರುಪೇಟೆ ಕುಸಿತದ ನಂತರದ ಕಾಲ. ಜನರಿಗೆ ಊಟಕ್ಕೇ ಕಷ್ಟ, ಇನ್ನು ಚಿತ್ರ ಕೊಳ್ಳುವವರು ಯಾರು? ಸರ್ಕಾರವೇ ಕಲಾವಿದರಿಗೆ ವಾರದ ಸಂಬಳ ಕೊಟ್ಟು, 1934ರಲ್ಲಿ ಗೋಪುರದ ಒಳಗೋಡೆಗಳನ್ನು ಒಪ್ಪಿಸಿತು. 20ಕ್ಕೂ ಜಾಸ್ತಿ ಕಲಾವಿದರು ಸೇರಿದರು. ಉಸ್ತುವಾರಿ ವಿಕ್ಟರ್ ಅರ್ನಾಟಾಫ್‌ನದು. ಹೆಚ್ಚಿನವು ಫ್ರೆಸ್ಕೋ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಿ ಮುಗಿಸಬೇಕು. ಅಂದಂದಿಗೆ ಆಗುವಷ್ಟೇ ಗಾರೆ ಮೆತ್ತಬೇಕು. ಇದನ್ನು ಹೇಳುವಾಗ ಮೇಷ್ಟ್ರ ಕೈ ಗಾಳಿಯಲ್ಲೇ ಕರಣೆ ಆಡಿಸುತ್ತಿತ್ತು.

ನಮಗೆ ಇಷ್ಟವಾಗಿದ್ದು ಆ ಕಲಾವಿದರ ತುಂಟತನ. ಬರ್ನಾರ್ಡ್ ಜಾಕ್‌ಹೈಮ್ ಬರೆದ ಗ್ರಂಥಾಲಯದ ಚಿತ್ರದಲ್ಲಿ, ಅಲ್ಲೇ ಕೆಲಸ ಮಾಡುತ್ತಿದ್ದ ಕಲಾವಿದ ಜಾನ್ ಲ್ಯಾಂಗ್ಲಿ ಹೋವರ್ಡ್ ಕಪಾಟಿನಲ್ಲಿದ್ದ ಮಾರ್ಕ್ಸ್ ಪುಸ್ತಕಕ್ಕೆ ಕೈ ಹಾಕಿದ್ದಾನೆ! ಕ್ಲಿಫರ್ಡ್ ವೈಟ್ ಕಮ್ಯುನಿಸ್ಟರ ಗುರುತಾದ ಸುತ್ತಿಗೆ ಕುಡುಗೋಲನ್ನೇ ಬರೆದ. ಅದೇ ಹೊತ್ತಿಗೆ ಬಂದರಿನ ಕಾರ್ಮಿಕರ ಮುಷ್ಕರ. ದೊಡ್ಡವರು ಗಾಬರಿಯಾದರು, ಗೋಪುರ ತೆರೆಯುವುದು ತಡವಾಯಿತು. ಅಕ್ಟೋಬರ್‌ನಲ್ಲಿ ಬಾಗಿಲು ತೆರೆದಾಗ ವೈಟ್‌ನ ಗುರುತು ಮಾಯ. ಮಾರ್ಕ್ಸ್ ಪುಸ್ತಕ ಮಾತ್ರ ಇಂದಿಗೂ ಅಲ್ಲೇ ಇದೆ.

ಶಾಲೆಯಲ್ಲಿ ಬಣ್ಣಕ್ಕೆ ದುಡ್ಡಿಲ್ಲದ ವರ್ಷವೇ ಮೇಷ್ಟ್ರು ನಮ್ಮಿಂದಲೂ ಒಂದು ಗೋಡೆ ಬರೆಸಿದರು. ಸುಣ್ಣ, ಕೆಮ್ಮಣ್ಣು, ಇದ್ದಿಲ ಪುಡಿ, ಅಷ್ಟೇ ಬಣ್ಣ. ‘ಇದು ನನ್ನ ಭಾಗ’ ಅನ್ನುವಂತಿಲ್ಲ. ಅವರು ಚಪ್ಪಾಳೆ ತಟ್ಟಿದರೆ ಎಲ್ಲರೂ ಜಾಗ ಬದಲಿಸಬೇಕು. ಒಬ್ಬ ಬರೆದ ಮರಕ್ಕೆ ಇನ್ನೊಬ್ಬ ಎಲೆ ಹಚ್ಚಬೇಕು. ಮೊದಲು ಜಗಳವೋ ಜಗಳ.

ಆಮೇಲೆ ಅದೇ ಅನುಕೂಲವಾಯಿತು. ಗ್ರಂಥಾಲಯ ಬರೆದು, ಮೂಲೆಯಲ್ಲಿ ಹೆಡ್ಮಾಸ್ಟರನ್ನು ನಿದ್ದೆಗೆ ಕೂರಿಸಿದೆವು. ಅವರು ಬಂದು ಬಹಳ ಹೊತ್ತು ನೋಡಿದರು.

“ಯಾರು ಬರೆದಿದ್ದು ಇದು?”

“ಮೂಗು ಒಬ್ಬ, ಮೀಸೆ ಒಬ್ಬ, ಕನ್ನಡಕ ಇನ್ನೊಬ್ಬ ಸಾರ್. ಯಾರನ್ನ ಅಂತ ಹಿಡೀತೀರಿ?” ಅಂದರು ಮೇಷ್ಟ್ರು.

“ಕಣ್ಣನ್ನಾದ್ರೂ ತೆರೆಸ್ರಯ್ಯ” ಅಂದು ಹೆಡ್ಮಾಸ್ಟರು ಹೊರಟುಹೋದರು. ಕಣ್ಣು ತೆರೆಸಿದ್ದು ನಾನು. ಆ ಗೋಡೆಯಲ್ಲಿ ಜೀವವಿದ್ದದ್ದು ಆ ಕಣ್ಣುಗಳಲ್ಲೇ ಎಂದು ಗೆಳೆಯರು ಒಪ್ಪುತ್ತಾರೆ. ಒಪ್ಪದವರೂ ಇದ್ದಾರೆ, ಅವರಿಗೆ ಸ್ವಲ್ಪ ಹೊಟ್ಟೆಕಿಚ್ಚು.

ಈಗ ಆ ಗೋಡೆಗೆ ಡಿಸ್ಟೆಂಪರ್ ಬಳಿದು ಫ್ಲೆಕ್ಸ್ ಹಾಕಿದ್ದಾರೆ. ಅದರಲ್ಲಿ ರ‍್ಯಾಂಕ್ ಪಡೆದವರ ಫೋಟೋಗಳು, ಒಬ್ಬೊಬ್ಬರಿಗೆ ಒಂದೊಂದು ಚೌಕ. ಪರೀಕ್ಷೆ ಹತ್ತಿರ ಬಂದರೆ ಮೊದಲು ಕತ್ತರಿ ಬೀಳುವುದು ಡ್ರಾಯಿಂಗ್ ಪೀರಿಯಡ್ಡಿಗೇ ಅಂತೆ. ಮಕ್ಕಳು ಜಾಣರು, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದೇ ಕುಂಚಕ್ಕಾಗಿ ಕಿತ್ತಾಡುವ ಸುಖ ಅವರಿಗೂ ಸಿಗಬೇಕಲ್ವಾ?

ಶಾಲೆಯವರಲ್ಲಿ ಒಂದು ಬೇಡಿಕೆ. ಹಿಂಭಾಗದ್ದಾದರೂ ಸರಿ, ಒಂದು ಗೋಡೆ ಬಿಟ್ಟುಕೊಡಿ. ಸುಣ್ಣ, ಬಣ್ಣ ನಾವು ಹಳೆಯ ವಿದ್ಯಾರ್ಥಿಗಳು ತರುತ್ತೇವೆ. ಮಕ್ಕಳು ಯಾರ ಚಿತ್ರ ಬರೆಯುತ್ತಾರೋ, ಅದಕ್ಕೆ ಮಾತ್ರ ನಾವು ಜವಾಬ್ದಾರರಲ್ಲ.