ದೂರ ಸವಾರಿಯ ಸೈಕಲ್ಲಿಗೆ ಹಳೆಯ ಕ್ಯಾರಿಯರ್

ದೂರ ಪ್ರಯಾಣದ ಸೈಕಲ್ಲಿಗೆ ಕಡಿಮೆ ಬೆಲೆಯ ಹಳೆಯ ಕ್ಯಾರಿಯರ್ ಹುಡುಕುವವರು ಉಕ್ಕಿನದನ್ನೇ ಆರಿಸಿಕೊಳ್ಳಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಲ್ಯೂಮಿನಿಯಂ ಹಗುರ, ನಿಜ. ಆದರೆ ವರ್ಷಗಟ್ಟಲೆ ಕುಲುಕಾಟ ತಿಂದ ಅಲ್ಯೂಮಿನಿಯಂ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ, ಮತ್ತು ಅದನ್ನು ಸರಿಯಾಗಿ ಬೆಸೆಯುವ ಸಲಕರಣೆ ಎಲ್ಲ ಊರುಗಳಲ್ಲಿಯೂ ಸಿಗುವುದಿಲ್ಲ. ಉಕ್ಕಿನದು ಕೊಡಗಿನ ಭಾಗಮಂಡಲದ ದಾರಿಯಲ್ಲಿ ಮುರಿದರೂ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಯವರು ಜೋಡಿಸಿಕೊಡಬಲ್ಲರು. ಕೊಳವೆ ತೆಳುವಾಗಿದ್ದರೆ ಮಾತ್ರ ಆರ್ಕ್ ವೆಲ್ಡಿಂಗಿನಲ್ಲಿ ತೂತು ಬೀಳುವ ಭಯವಿರುವುದರಿಂದ, ಗ್ಯಾಸಿನಲ್ಲಿ ಹಿತ್ತಾಳೆ ಹಾಕಿಸುವುದು ಒಳ್ಳೆಯದು.

ಹುಡುಕಬೇಕಾದ ಜಾಗಗಳು ಗುಜರಿ ಅಂಗಡಿ ಮತ್ತು ಹಳೆಯ ಸೈಕಲ್ ಶಾಪುಗಳು. ಅಲ್ಲಿ ಹೆಚ್ಚಾಗಿ ಸಿಗುವುದು ಹೀರೋ, ಅಟ್ಲಾಸ್, ಹರ್ಕ್ಯುಲಿಸ್ ಸೈಕಲ್ಲುಗಳಿಂದ ಬಿಚ್ಚಿದ ಭಾರದ ಕ್ಯಾರಿಯರ್. ಹಾಲಿನ ಕ್ಯಾನು, ಅಕ್ಕಿ ಮೂಟೆ ಹೊತ್ತು ಬಾಳಿದ ವಸ್ತು ಅದು, ಅದನ್ನು ತಾತ್ಸಾರ ಮಾಡಬಾರದು. ಹಳೆಯ 28 ಇಂಚಿನ ಚಕ್ರದ ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ 635 ಮಿ.ಮೀ., ಇಂದಿನ 700ಸಿ ಚಕ್ರದ್ದು 622 ಮಿ.ಮೀ.; ಆದ್ದರಿಂದ ಎತ್ತರ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ತೊಡಕಿರುವುದು ಕಾಲುಗಳ ತುದಿಯಲ್ಲಿ. ಅಲ್ಲಿನ ರಂಧ್ರ ಹಿಂದಿನ ಚಕ್ರದ ಆಕ್ಸಲ್ಲಿಗಾಗಿ ಕೊರೆದದ್ದು; ನಮ್ಮ ಫ್ರೇಮಿನ ಕಿವಿಗೆ, ಅಂದರೆ ಕ್ಯಾರಿಯರ್ ಕೂರಿಸಲೆಂದು ಹಿಂಚಕ್ರದ ಬಳಿ ಇರುವ ಚಿಕ್ಕ ರಂಧ್ರಕ್ಕೆ, ಹಿಡಿಯುವುದು ಎಂ5 (5 ಮಿ.ಮೀ. ದಪ್ಪದ) ಬೋಲ್ಟು. ನಡುವಿನ ಸಡಿಲವನ್ನು ಬರೀ ವಾಷರಿನಿಂದ ಮುಚ್ಚಿದರೆ ಸಂಪಾಜೆ ಘಾಟಿಯ ಇಳಿಜಾರಿನಲ್ಲಿ ಬೋಲ್ಟು ಅಲುಗಾಡಿ ತುಂಡಾಗುವ ಸಂಭವವಿದೆ. ಲೇತ್ ಅಂಗಡಿಯಲ್ಲಿ ಆ ರಂಧ್ರಕ್ಕೆ ಸರಿಯಾಗಿ ಕೂರುವ ಒಂದು ಬುಷ್ (ಲೋಹದ ಒಳಬಳೆ) ಮಾಡಿಸಿ, ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವ ನಟ್ಟು) ಹಾಕಿ ಬಿಗಿಯಬೇಕು.

ಕೊಳ್ಳುವ ಮುನ್ನ ಸೀಮೆಎಣ್ಣೆಯ ಬಟ್ಟೆಯಿಂದ ಬೆಸುಗೆಗಳನ್ನು ಒರೆಸಿ ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಬಣ್ಣದ ಮೇಲೆ ಕೂದಲೆಳೆಯಂಥ ಗೆರೆಯಿದ್ದು ಅದರಿಂದ ಕೆಂಚು ನೀರು ಇಳಿದ ಗುರುತು ಕಂಡರೆ, ಅದು ಬಿರುಕು. ಕೊಡಗಿನ ಮಳೆಯಲ್ಲಿ ನೆನೆದ ಮಾಲಿಗೆ ಇನ್ನೊಂದು ಪರೀಕ್ಷೆಯೂ ಬೇಕು: ಟೊಳ್ಳು ಕೊಳವೆಯ ಕೆಳತುದಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ, ಒಳಗೆ ನಿಂತ ನೀರು ಲೋಹವನ್ನು ತಿಂದಿದ್ದರೆ ಅಲ್ಲಿ ತಗ್ಗು ಬೀಳುತ್ತದೆ. ಮೇಲ್ಮೈಯ ತುಕ್ಕಿಗೆ ಹೆದರಬೇಕಾಗಿಲ್ಲ, ಉಪ್ಪುಕಾಗದದಿಂದ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದರೆ ಸಾಕು.

ಸೀಟಿನ ಕಂಬಕ್ಕೆ ಮಾತ್ರ ಕಚ್ಚಿಸುವ ಕ್ಯಾರಿಯರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಘಟ್ಟದ ಸವಾರಿಗೆ ಬೇಡ. ಭಾರ ಹೇರಿದರೆ ತಿರುವುಗಳಲ್ಲಿ ಅದು ಪಕ್ಕಕ್ಕೆ ಜಗ್ಗುತ್ತದೆ. ಉಳಿದಂತೆ ಪಕ್ಕದ ಚೀಲ ಕಟ್ಟಿ, ಪೆಡಲ್ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗುತ್ತದೆಯೇ ಎಂಬುದನ್ನು ಅಂಗಡಿಯ ಮುಂದೆಯೇ ನೋಡಿಕೊಂಡು ಹಣ ಕೊಡಿ.